ಖಾಲಿ ಕೊಡದ ನಡಿಗೆ

ಬಂಡೆಮ್ಮನ ಬಲಗೈ ಮುರಿದವನು ಅವಳ ಗಂಡ ದ್ಯಾವಪ್ಪ. ಮುರಿಯಲು ಬೀಸಿದ ಸ್ಟೀಲಿನ ಕೊಡ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಕಾಲನಿಯ ಹೆಂಗಸರು ‘ಕುಡುಕ ಗಂಡ, ಇನ್ನೇನಾಗುತ್ತೆ’ ಎಂದು ಕೈ ತೊಳೆದುಕೊಂಡಿದ್ದಾರೆ. ದ್ಯಾವಪ್ಪ ಕುಡಿಯುವುದೇ ಇಲ್ಲ.

ನಾನು ಸಾವಿತ್ರಿ. ನನ್ನ ಯಜಮಾನರು ರಕ್ಷಣಾ ಇಲಾಖೆಯ ಕಾರ್ಖಾನೆಯವರು. ಧಾರವಾಡ ಬಿಟ್ಟು ತೆಲುಗು ಸೀಮೆಯ ಸನತ್‌ನಗರಕ್ಕೆ ಬಂದು ಇಪ್ಪತ್ತಾರು ವರ್ಷವಾಯಿತು. ಬಂಡೆಮ್ಮ ಯಾದಗಿರಿ ಕಡೆಯವಳು. ಹತ್ತು ವರ್ಷ ಇಟ್ಟಿಗೆ ಹೊತ್ತಳು. ಬೆನ್ನು ಸೋತ ಮೇಲೆ ಸಣ್ಣ ಕಾರ್ಖಾನೆಯೊಂದರಲ್ಲಿ ಹಗಲೆಲ್ಲ ಕೂತು ನಟ್ಟು-ಬೋಲ್ಟು ಡಬ್ಬಿಗೆ ತುಂಬುವ ಕೆಲಸ, ಸಂಜೆ ನಮ್ಮ ಮನೆಯ ಪಾತ್ರೆ. ನಲವತ್ತೊಂದಕ್ಕೇ ಶುಗರ್ ಬಂತು. ದಿನಾ ಮುಕ್ಕಾಲು ತಾಸು ಬಿರುಸಾಗಿ ನಡೆಯಬೇಕೆಂದು ಡಾಕ್ಟರು ಹೇಳಿದರು.

“ಮೈಮುರದು ಕೆಲಸಾ ಮಾಡ್ತೀಯಲ್ಲ, ಮತ್ಯಾಕ ವಾಕಿಂಗು?” ಅಂದೆ ನಾನು, ವಾಕಿಂಗಿಗೆ ಬೂಟು ಕಟ್ಟಿಕೊಳ್ಳುತ್ತ. ಎಂಥ ಬುದ್ಧಿ ನೋಡಿ ನನ್ನದು!

“ಕುಂತಲ್ಲೇ ಕುಂತಿರ್ತೀನ್ರಿ ಅಕ್ಕೋರ. ನಮ್ಮಕ್ಕ ಗಂಗಾನ ಕಾಲು ಇದ ಬ್ಯಾನಿಗೆ ಮಣಕಾಲ ತನಕ ಕೊಯ್ದಾರ್ರಿ. ನನ್ನ ಕಾಲು ನನಗ ಬೇಕ್ರಿ.”

ಮೊದಲ ದಿನ ಬರಿಗೈಯಲ್ಲಿ ನಡೆದಳು. ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. “ಕೆಲಸಿಲ್ಲದ ಹೆಣಮಗಳು ರೋಡಿನ್ಯಾಗ ಯಾಕ ತಿರಗ್ತಾಳ? ಯಾರ್ನ ನೋಡಾಕ ಹೋಗಿದ್ದಿ?” ಎಂದು ದ್ಯಾವಪ್ಪ ಕಪಾಳಕ್ಕೆ ಬಾರಿಸಿದ. ಬಾಯಲ್ಲಿ ರಕ್ತ ಬಂತು. ಮರುದಿನ ಊದಿದ ಕೆನ್ನೆ ಹೊತ್ತು ಬಂದಾಗ ನನಗೆ ಮೈಯೆಲ್ಲ ಉರಿಯಿತು. ನಮ್ಮ ಕಾಲನಿಯ ಪಾರ್ಕಿಗೆ ಕರೆದೊಯ್ಯಬಹುದಿತ್ತು. ಆದರೆ ಕೆಲಸದವರನ್ನು ಒಳಗೆ ಬಿಟ್ಟರೆ ವಾಚ್‌ಮನ್ ಕೆಲಸ ಹೋಗುತ್ತದೆ. ಅದನ್ನು ಕೇಳಿ ಜಗಳ ಆಡುವ ಧೈರ್ಯ ನನಗಿರಲಿಲ್ಲ. ಬದಲಿಗೆ ನನ್ನ ಕೊಡ ಕೊಟ್ಟೆ.

“ಇದನ್ನ ಸೊಂಟಕ್ಕ ಇಟ್ಕೊಂಡು ಹೋಗು. ನೀರಿಗೆ ಹೊಂಟೀನಿ ಅಂತ ತಿಳೀತಾರ.”

ತಿಳಿದರು. ಹದಿನೇಳು ದಿನ ಯಾರೂ ತಕರಾರು ಮಾಡಲಿಲ್ಲ. ಬೆಳಿಗ್ಗೆ ಆರಕ್ಕೆ ಹೊರಡುವಳು, ಕಾರ್ಖಾನೆಗಳ ಸಾಲಿನುದ್ದಕ್ಕೂ ಬಿರಬಿರನೆ ನಡೆದು, ಕೊನೆಯ ನಲ್ಲಿಯಲ್ಲಿ ಕೊಡ ತುಂಬಿಕೊಂಡು ಬರುವಳು. ಶುಗರ್ ಇಳಿಯಿತು. ಅವಳ ನಗು ನೋಡಿ ನಾನೇ ಬೀಗಿದೆ.

ಕೆಲಸಕ್ಕೆ ಹೊರಟ ಗಂಡಸಿಗೆ ಖಾಲಿ ಕೊಡ ಎದುರಾಗಬಾರದು ಎಂಬುದು ಇಬ್ಬರಿಗೂ ನೆನಪಾಗಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಶಕುನ, ಹಾಳಾದ್ದು, ಆಗಲೇ ಮರೆಯಬೇಕೇ!

ಎದುರಾದವನು ಹುಲಗೇಶ ಮೇಸ್ತ್ರಿ. ದ್ಯಾವಪ್ಪನಿಗೆ ಕೆಲಸ ಕೊಡುವವನು ಅವನೇ. ಹದಿನೆಂಟನೆಯ ದಿನ ಗೋಡೆಗೆ ಕಟ್ಟಿದ್ದ ಬೊಂಬು ಜಾರಿ ಬಿದ್ದು ಅವನ ಭುಜ ಕಳಚಿತು. ಕಟ್ಟಿದವರು ಸಡಿಲ ಕಟ್ಟಿದ್ದರು. ಅವನು ಮಾತ್ರ ಬಟ್ಟೆಯಲ್ಲಿ ಕೈ ನೇತುಹಾಕಿಕೊಂಡು ಮೂವರ ಜೊತೆ ಬಂಡೆಮ್ಮನ ಶೆಡ್ಡಿಗೆ ಬಂದ.

“ದಿನಾ ಖಾಲಿ ಕೊಡ ತೋರ್ಸಿ ನನ್ನ ಕೊಲ್ಲಾಕ ನಿಂತೀಯೇನಲೇ, ಹಡಬಿಟ್ಟಿ!”

ಬಾಗಿಲಿಗೆ ಒದ್ದ. ತಗಡಿನ ಬಾಗಿಲು ಕಿತ್ತು ಅವಳ ಮೇಲೆಯೇ ಬಿತ್ತು. ಕೂದಲು ಹಿಡಿದು ಹೊರಗೆಳೆದ, ಹೊಟ್ಟೆಗೆ ಒದ್ದ. ಅವಳು ಅವನ ನೆಟ್ಟಗಿದ್ದ ಕೈಯನ್ನು ಕಚ್ಚಿದಳು, ಹಲ್ಲು ಎಲುಬಿಗೆ ತಾಗುವ ತನಕ ಬಿಡಲಿಲ್ಲ. ಅವನು ಚೀರಿದ. ಗಲ್ಲಿಯೆಲ್ಲ ನಿಂತು ನೋಡಿತು, ದ್ಯಾವಪ್ಪನೂ.

“ನೀರಿಗಲ್ರಿ, ನಡ್ಯಾಕ ಹೋಗಿದ್ದೆ! ನನ್ನ ಕಾಲು ಉಳಸ್ಕೊಳ್ಳಾಕ!” ಎಂದು ಕೂಗಿದಳು.

ಅಷ್ಟು ಸಾಕಾಯಿತು. ಮೇಸ್ತ್ರಿಯ ಮುಂದೆ, ಗಲ್ಲಿಯ ಮುಂದೆ, ಹೆಂಡತಿ ತನಗೆ ಹದಿನೆಂಟು ದಿನ ಸುಳ್ಳು ಹೇಳಿದ್ದಳೆಂದು ಬಯಲಾಯಿತು. ದ್ಯಾವಪ್ಪ ಕೊಡ ಎತ್ತಿ ಬೀಸಿದ. ಮುಖಕ್ಕೆ ಅಡ್ಡ ಹಿಡಿದ ಕೈಗೆ ಬಿತ್ತು. ಮತ್ತೊಮ್ಮೆ ಬೀಸಿದ. ಎಲುಬು ಮುರಿದ ಸದ್ದು ತನಗೇ ಕೇಳಿಸಿತು ಎಂದು ಬಂಡೆಮ್ಮ ನನಗೆ ಹೇಳಿದಳು.

ಪೊಲೀಸರ ಹತ್ತಿರ ಹೋಗೋಣ ನಡಿ ಎಂದು ನಾನು ಹಾರಾಡಿದೆ. “ಗಂಡ ಒಳಗ ಹೋದ್ರ ಶೆಡ್ ಬಿಡಸ್ತಾನ್ರಿ ಮೇಸ್ತ್ರಿ,” ಎಂದು ಅವಳು ತಲೆಯಾಡಿಸಿದಳು. ಕೈಗೆ ಪ್ಲಾಸ್ಟರ್ ಹಾಕಿಸಿ ಕಳಿಸಿದೆ.

ಆರು ವಾರದ ಮೇಲೆ ಅದನ್ನು ಬಿಚ್ಚಿಸಲು ಕರೆದೊಯ್ದೆ. ಡಾಕ್ಟರು ಕತ್ತರಿಸಲು ಬಂದಾಗ ಬಂಡೆಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು.

“ಅಕ್ಕೋರ, ಇನ್ನೊಂದು ತಿಂಗಳು ಇರ್ಲಿ ಅನ್ರಿ ಅವರಿಗೆ.”

“ಯಾಕ? ನೋವು ಐತೇನು?”

“ಇಲ್ರಿ. ಇದು ಇದ್ರ ಯಾರೂ ಕೇಳಂಗಿಲ್ರಿ. ದವಾಖಾನಿಗೆ ಹೊಂಟಾಳ ಅಂತಾರ. ಈ ಆರು ವಾರ ದಿನಾ ನಡದೀನ್ರಿ, ಯಾರೂ ಮುಟ್ಟಿಲ್ಲ.”

“ಏಮಂಟುಂದಮ್ಮಾ?” ಎಂದರು ಡಾಕ್ಟರು, ಏನನ್ನುತ್ತಾಳೆಂದು ತಿಳಿಯದೆ. ಇಪ್ಪತ್ತಾರು ವರ್ಷದ ತೆಲುಗಿದ್ದೂ ಅವಳ ಮಾತನ್ನು ನಾನು ಅವರಿಗೆ ದಾಟಿಸಲಿಲ್ಲ. ನಾಚಿಕೆಯಿಂದ ಸತ್ತುಹೋಗುವಂತಾಯಿತು ನನಗೆ. ಅವರು ಪ್ಲಾಸ್ಟರ್ ಕತ್ತರಿಸಿದರು.

ಹೊರಗೆ ಬಂದ ಕೂಡಲೇ ಬಂಡೆಮ್ಮ ನನ್ನ ಚೀಲದಲ್ಲಿದ್ದ ಟವೆಲ್ ಕೇಳಿ ಪಡೆದಳು. ಕೊರಳಿಗೆ ಗಂಟು ಹಾಕಿ, ವಾಸಿಯಾದ ಕೈಯನ್ನು ಅದರೊಳಗೆ ಇಳಿಬಿಟ್ಟಳು. “ನಡೀರಿ ಅಕ್ಕೋರ,” ಎಂದು ಮುಂದೆ ಮುಂದೆ ಬಿರುಸಾಗಿ ನಡೆದಳು. ಎರಡೂ ಕೈ ಬೀಸಿಕೊಂಡು ನಾನು ಅವಳ ಹಿಂದೆ ಹೋದೆ.