ಡ್ರೋನ್ ಹಾರಿಸುವವಳ ಹೊಲಕ್ಕೆ ಮುಯ್ಯಾಳಿಲ್ಲ

ನಡುರಾತ್ರಿ ದಾಟಿದ ಮೇಲೆ ಕರೆಂಟ್ ಬರುತ್ತದೆ. ಆಗ ಚಾರ್ಜರ್ ಒಂದು ಸಲ ‘ಕಿಣ್’ ಎನ್ನುತ್ತದೆ. ಪಕ್ಕದಲ್ಲೇ ಮಲಗಿದ ಅತ್ತೆಗೂ ಕೇಳಿಸದಷ್ಟು ಸಣ್ಣ ಸದ್ದು. ಯಶೋದಾ ಅವರಿಗೆ ಮಾತ್ರ ಎಚ್ಚರವಾಗುತ್ತದೆ. ಎದ್ದು, ಬ್ಯಾಟರಿಗಳ ಮೇಲಿನ ದೀಪ ನೋಡಿ, ಮತ್ತೆ ಮಲಗುತ್ತಾರೆ. ಆಮೇಲೆ ನಿದ್ದೆ ಬಂದರೆ ಬಂತು.

ಬೆಳಕು ಹರಿಯುವ ಹೊತ್ತಿಗೆ ಅವರು ಧರ್ಮಪುರ ಹೋಬಳಿಯ ಒಂದು ತೊಗರಿ ಹೊಲದ ಬದುವಿನ ಮೇಲೆ ನಿಂತಿದ್ದಾರೆ. ಸೀರೆಯ ಮೇಲೆ ಗಂಡನ ಹಳೆಯ ಅಂಗಿ, ಮೂಗಿಗೆ ಕಟ್ಟಿದ ಬಟ್ಟೆ, ಕೈಯಲ್ಲಿ ರಿಮೋಟ್. ಒಂದು ಹಿಡಿ ಮಣ್ಣು ಎತ್ತಿ ಬಿಡುತ್ತಾರೆ. ದೂಳು ನೆಟ್ಟಗೆ ಕೆಳಗೆ ಬಿದ್ದರೆ ಗಾಳಿ ಇಲ್ಲ ಎಂದರ್ಥ. ಡ್ರೋನ್ ಎದ್ದು ಹೂ ಬಿಟ್ಟ ತೊಗರಿಯ ಮೇಲೆ ಸಾಗುತ್ತದೆ. ಒಂದು ಎಕರೆಗೆ ಹತ್ತು ಲೀಟರ್ ನೀರು, ಎಂಟು ನಿಮಿಷ. ಬೆನ್ನಿಗೆ ಡಬ್ಬಿ ಹೊತ್ತು ಹೊಡೆದರೆ ಅರ್ಧ ದಿನ. ಗಾಳಿ ಏಳುವುದರೊಳಗೆ ಹತ್ತು ಎಕರೆಯಾದರೂ ಮುಗಿಯಬೇಕು. ಡ್ರೋನ್ ಹೊತ್ತು ತರುವ ಗೂಡ್ಸ್ ಆಟೊದ ಪಾಲಣ್ಣ ದೂರದ ಬೇವಿನ ಮರದಡಿ ಕುಳಿತಿರುತ್ತಾರೆ. ಔಷಧಿಯ ವಾಸನೆಗಿಂತ ತಮ್ಮ ಬೀಡಿಯ ವಾಸನೆಯೇ ವಾಸಿ ಎಂಬುದು ಅವರ ವಾದ. ಯಶೋದಾ ದಿನವೆಲ್ಲ ಕೇಳುವ ಮಾತು ಹೆಚ್ಚುಕಡಿಮೆ ಅಷ್ಟೇ.

ಯಶೋದಾ ಎನ್ನುವುದು ನಿಜವಾದ ಹೆಸರಲ್ಲ. ಇಲ್ಲಿ ಬರುವ ಉಳಿದ ಹೆಸರುಗಳೂ ಅಲ್ಲ. ಹರಿಯಬ್ಬೆ ಕಡೆಯ ಅವರ ಹಟ್ಟಿಯ ಹೆಸರನ್ನು, ಅವರೇ ಕೇಳಿಕೊಂಡಿದ್ದರಿಂದ, ಬಿಡಲಾಗಿದೆ. ಕುರಿ ಸಾಕುವ ಮನೆತನ. ಗಂಡ ರಂಗೇಶ್ ವರ್ಷದ ಹೆಚ್ಚು ದಿನ ಮಂದೆಯ ಹಿಂದೆ ನೀರಾವರಿ ಸೀಮೆಯಲ್ಲಿರುತ್ತಾರೆ. ಹೊಸ ಕೃಷಿ ತಂತ್ರಜ್ಞಾನವನ್ನು ಹಳ್ಳಿಗೆ ಮುಟ್ಟಿಸುವ ಸರ್ಕಾರದ ಯೋಜನೆಯಲ್ಲಿ ಕಳೆದ ವರ್ಷ ಯಶೋದಾ ಅವರ ಮಹಿಳಾ ಸಂಘಕ್ಕೆ ಡ್ರೋನ್ ಬಂತು. ಸಂಘದಲ್ಲಿ ಪಿಯುಸಿ ಮುಗಿಸಿದವರು ಇವರೊಬ್ಬರೇ. ತರಬೇತಿಗೆ ಹೋಗಿ ಲೈಸೆನ್ಸ್ ತಂದರು. ಅಧಿಕಾರಿಗಳು ಶಾಲು ಹೊದಿಸಿ ಫೋಟೊ ತೆಗೆದರು. ಈ ಮುಂಗಾರಿನಲ್ಲಿ ಮೊದಲ ಪ್ರಾತ್ಯಕ್ಷಿಕೆಗೆ ಯಾರೂ ಹೊಲ ಕೊಡಲು ಮುಂದೆ ಬರದಿದ್ದಾಗ ಯಶೋದಾ ತಮ್ಮದೇ ಶೇಂಗಾ ಹೊಲ ತೋರಿಸಿದರು. ಜನರ ಮುಂದೆ ಕಳೆನಾಶಕ ಹೊಡೆದರು. ಕಳೆ ಸತ್ತಿತು, ಅಧಿಕಾರಿಗಳು ಮೆಚ್ಚಿದರು. ತಪ್ಪಾದದ್ದೂ ಅಲ್ಲೇ.

ಹಟ್ಟಿಯ ಹೆಂಗಸರಲ್ಲಿ ಮುಯ್ಯಾಳಿನ ಪದ್ಧತಿ ಇದೆ. ಇವತ್ತು ನಾವು ನಿನ್ನ ಹೊಲಕ್ಕೆ, ನಾಳೆ ನೀನು ನಮ್ಮ ಹೊಲಕ್ಕೆ. ಕೂಲಿಯ ಮಾತಿಲ್ಲ. ಸರದಿ ಶುರುವಾಗುವುದು ಕಳೆ ತೆಗೆಯುವಾಗ. ಆಗ ಯಾರು ಯಾರ ಹೊಲದಲ್ಲಿ ಬಗ್ಗಿದರೋ ಅವರೇ ಕಾಯಿ ಕೀಳಲೂ ಬರುತ್ತಾರೆ. ಯಶೋದಾ ಈ ಸಲ ಕಳೆಗೆ ಯಾರನ್ನೂ ಕರೆಯಲಿಲ್ಲ, ಡ್ರೋನ್ ಕೆಲಸದ ನಡುವೆ ಯಾರ ಹೊಲಕ್ಕೂ ಹೋಗಲಿಲ್ಲ.

“ಬೆನ್ನು ನೋವು ತಪ್ಪುತ್ತೆ ಅಂತ ಖುಷಿ ಪಡ್ತಾರೆ ಅನ್ಕಂಡೆ. ನೀವ್ಯಾರೂ ಬ್ಯಾಡ ಅಂತ ನಾನೇ ಬಾಗ್ಲಾಗೆ ನಿಂತು ಹೇಳ್ದಂಗಾತು ನೋಡ್ರಿ” ಎನ್ನುತ್ತಾರೆ.

ಈಗ ಅವರ ಒಂದೂವರೆ ಎಕರೆಯಲ್ಲಿ ಕಾಯಿ ಬಲಿತಿದೆ. ಕೆಂಪು ನೆಲ ಹಸಿ ಇರುವಾಗಲೇ ಕೀಳಬೇಕು. ಬಿಗಿದರೆ ಬಳ್ಳಿ ಕೈಗೆ ಬಂದು ಕಾಯಿ ಒಳಗೇ ಉಳಿಯುತ್ತದೆ. ಕಲ್ಲು ಹೊಲಕ್ಕೆ ಟ್ರ್ಯಾಕ್ಟರ್ ಇಳಿಯದು. ಅತ್ತೆಗೆ ಮಂಡಿ ಬಗ್ಗುವುದಿಲ್ಲ. ರಂಗೇಶ್ ಮಂದೆಯಲ್ಲಿ ಕುರಿ ಈಯುವ ಸಮಯ. ಕಳೆದ ವಾರ ಯಶೋದಾ, ಕಾಯಿ ಕೀಳಲು ಆಳು ಕೇಳಲೆಂದು, ಮುಯ್ಯಾಳಿನ ಗುಂಪಿನ ಹಿರಿಯಳಾದ ಚಂದ್ರಕ್ಕನ ಮನೆಗೆ ಹೋದರು. ಚಂದ್ರಕ್ಕ ದನಿ ಏರಿಸಲಿಲ್ಲ. ಚಾಪೆ ಹಾಸಿ ಟೀ ಕೊಟ್ಟರು.

“ನಿನ್ನ ಮುಯ್ಯಿ ಯಾರ ಮೇಲೈತೆ ಹೇಳವ್ವ, ಅವ್ರನ್ನ ಕಳಿಸ್ತೀನಿ. ಯಾರ ಮೇಲೂ ಇಲ್ಲ ಅಂದ್ರೆ ಆ ನಿನ್ನ ಹದ್ದಿಗೇ ಹೇಳು, ಕಿತ್ಕೊಡ್ಲಿ.”

ಅಲ್ಲಿದ್ದ ಹೆಂಗಸರು ನಕ್ಕರು. ಯಶೋದಾ ಟೀ ಮುಗಿಸಿಯೇ ಎದ್ದರು. ಚಂದ್ರಕ್ಕನ ಮೇಲೆ ಅವರಿಗೆ ಸಿಟ್ಟಿಲ್ಲ. ಪ್ರಾತ್ಯಕ್ಷಿಕೆಯ ನಂತರ ಡ್ರೋನಿನಿಂದ ಕಳೆನಾಶಕ ಹೊಡೆಸಿದ ಹೊಲಗಳಲ್ಲಿ ಕಳೆಗೆ ಆಳು ಬೇಕಾಗಲಿಲ್ಲ. ಹೊಲವಿಲ್ಲದ ಹೆಂಗಸರಿಗೆ ಆ ದಿನಗಳ ಕೂಲಿ ಹೋಯಿತು ಎಂಬುದು ಯಶೋದಾ ಅವರಿಗೂ ಗೊತ್ತು. ಆ ಹೆಂಗಸರಲ್ಲಿ ಇಬ್ಬರು ದಾರಿಯಲ್ಲಿ ಎದುರಾದರೆ, ಕೂಲಿ ಕೊಡುತ್ತೇನೆಂದರೂ ನಿಲ್ಲದೆ, ಈಗ ಸೆರಗು ಸರಿಮಾಡಿಕೊಳ್ಳುತ್ತ ಹಾದುಹೋಗುತ್ತಾರೆ.

ಹಾಗಾಗಿ ಬೆಳಿಗ್ಗೆ ಡ್ರೋನ್, ಆಮೇಲೆ ಹೊತ್ತು ಮುಳುಗುವವರೆಗೆ ಒಬ್ಬರೇ ಶೇಂಗಾ ಕೀಳುವುದು. ಹೆಬ್ಬೆರಳಿನ ಚರ್ಮ ಸುಲಿದು ಬಟ್ಟೆ ಸುತ್ತಿದ್ದಾರೆ. ರಿಮೋಟಿನ ಕಡ್ಡಿಯನ್ನು ಈಗ ಹೆಬ್ಬೆರಳಿನ ಪಕ್ಕದಿಂದ ತಳ್ಳುತ್ತಾರೆ. ಮೇಲಿನ ಅರ್ಧ ಹೊಲದ ನೆಲ ಆಗಲೇ ಬಿಗಿಯತೊಡಗಿದೆ.

ಮೊನ್ನೆ ಔಷಧಿ ಕೆಲಸ ಮುಗಿಸಿ ಬಂದು ನೋಡಿದರೆ, ದಾರಿಗೆ ಕಾಣದ ಬೇಲಿ ಅಂಚಿನಲ್ಲಿ ಕೆಲವು ಸಾಲು ಕಿತ್ತಾಗಿದೆ. ಮಣ್ಣು ಕೊಡವಿ, ಕಾಯಿ ಮೇಲೆ ಮಾಡಿ ಗುಡ್ಡೆ ಹಾಕಿದೆ. ಕಳ್ಳರಾದರೆ ಹೊತ್ತೊಯ್ಯುತ್ತಿದ್ದರು. ನಿನ್ನೆ ಇನ್ನಷ್ಟು ಸಾಲು. ವರ್ಷಗಟ್ಟಲೆ ಪಕ್ಕಪಕ್ಕದ ಸಾಲಿನಲ್ಲಿ ಬಗ್ಗಿದವರಿಗೆ ಒಬ್ಬೊಬ್ಬರ ಕೈ ಗುರುತು ಸಿಗುತ್ತದೆ. ಗುಡ್ಡೆ ನೋಡಿದ ಕೂಡಲೇ ಯಶೋದಾ ಅವರಿಗೆ ಯಾರೆಂದು ತಿಳಿಯಿತು. ಗುರುತು ಯಾವುದು ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ.

“ಅವಳು ನಂಗೆ ಹೇಳಿಲ್ಲ, ನಾನು ಕೇಳಲ್ಲ. ಗೊತ್ತಾದ್ರೆ ಅವಳನ್ನೂ ಮುಯ್ಯಿಂದ ಬಿಡ್ತಾರೆ. ಹಟ್ಟಿಗೆ ಹಿಂಗೆ ಒಬ್ಳಿದ್ರೆ ಸಾಕಲ್ಲೇನ್ರಿ.”

ಸಂಜೆ ರಂಗೇಶ್ ಫೋನ್ ಮಾಡುತ್ತಾರೆ. ಕುರಿಗಳ ಕೂಗಿನ ನಡುವೆ, ಎಷ್ಟಾಯಿತು, ಯಾರಾದರೂ ಬಂದರಾ ಎಂದು ವಿಚಾರಿಸುತ್ತಾರೆ. ಯಶೋದಾ ಅಂಗಳದಲ್ಲಿ ನಿಂತಿದ್ದಾರೆ. ಎದುರಿನ ನಲ್ಲಿಯ ಹತ್ತಿರ ಮುಯ್ಯಾಳಿನ ಹೆಂಗಸರು ಕೊಡ ಇಟ್ಟುಕೊಂಡು ಮಾತಾಡುತ್ತಿದ್ದಾರೆ. ಅವರ ನಡುವೆ ಆ ಸಾಲು ಕಿತ್ತು ಗುಡ್ಡೆ ಹಾಕಿದವಳೂ ಇದ್ದಾಳೆ. ಈ ಕಡೆ ತಿರುಗುವುದಿಲ್ಲ.

“ಯಾರೂ ಬಂದಿಲ್ಲ, ಅಷ್ಟೂ ನಾನೊಬ್ಳೇ ಕಿತ್ತೆ” ಎನ್ನುತ್ತಾರೆ ಯಶೋದಾ, ನಲ್ಲಿಯವರೆಗೂ ಕೇಳಿಸುವಷ್ಟು ಗಟ್ಟಿಯಾಗಿ.