ಗುಂಡ ಕೆರೆಗೆ ಹೋಗಲಿಲ್ಲ

ಶ್ರೀರಾಂಪುರದ ಹತ್ತಿರದ ಕೆರೆಯಲ್ಲಿ ಮೀನುಗಳ ಸಮೀಕ್ಷೆ ಮಾಡುತ್ತಿದ್ದೆ. ಹೊರದೇಶದ ಮೀನು ಸಿಕ್ಕರೆ ಕೊಲ್ಲುವುದೂ ಆ ಕೆಲಸದಲ್ಲೇ ಸೇರಿತ್ತು. ಒಂದು ಬೆಳಿಗ್ಗೆ ವಯಸ್ಸಾದ ಹೆಂಗಸೊಬ್ಬರು ಆಟೋದಿಂದ ಬಕೆಟ್ ಇಳಿಸಿಕೊಂಡು ನೀರಿನ ಕಡೆ ಹೊರಟರು. ಒಳಗೆ ಮೊಳದುದ್ದದ, ಮೈಯೆಲ್ಲ ಚುಕ್ಕೆಯ, ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ಸಕ್ಕರ್ ಮೀನು.

"ಅಮ್ಮ, ಅದನ್ನ ಇಲ್ಲಿ ಬಿಡಬೇಡಿ," ಎಂದೆ.

"ಯಾಕಪ್ಪ? ಅಕ್ವೇರಿಯಂನಲ್ಲಿ ತಿರುಗೋಕೂ ಜಾಗ ಇಲ್ಲ ಅದಕ್ಕೆ. ಕೆರೆಗೆ ಬಿಟ್ರೆ ಪುಣ್ಯ ಕಣಪ್ಪ."

"ಇದು ದಕ್ಷಿಣ ಅಮೆರಿಕದ್ದು. ಇಲ್ಲಿ ಹೆಚ್ಚಿಕೊಂಡ್ರೆ ನಮ್ಮ ಮೀನುಗಳಿಗೆ ಮೇವು ಉಳಿಯಲ್ಲ, ದಡಾನೂ ಕೊರೆದು ಹಾಕುತ್ತೆ. ನನಗೆ ಕೊಡಿ."

ಬಕೆಟ್ ಚಾಚಿದವರು ಕೈ ಹಿಂದಕ್ಕೆ ತೆಗೆದುಕೊಂಡರು. "ಕೊಟ್ರೆ ಏನ್ಮಾಡ್ತೀರಿ?"

ನಿಜ ಹೇಳುವ ಬದಲು ಬಕೆಟ್ ಕಡೆ ಬಗ್ಗಿ ಮೀನಿನ ಉದ್ದ ಅಳೆಯಲು ಹೊರಟೆ.

"ಇವನ ಹೆಸರು ಗುಂಡ," ಎಂದರು ಮೆಲ್ಲಗೆ. "ಗಾಜು ತಟ್ಟಿದ್ರೆ ಹತ್ರ ಬರ್ತಾನೆ."

ಹೆಸರು ಗೊತ್ತಾದ ಮೇಲೆ ಕೊಲ್ಲುವುದು ಹೇಗೆ? "ನಾನೇ ಸಾಕ್ತೀನಿ," ಎಂದುಬಿಟ್ಟೆ.

ಈಗ ಕೃಷ್ಣಮೂರ್ತಿಪುರಂನ ನಮ್ಮ ಮನೆ ಹಿತ್ತಲಿನ ಸಿಮೆಂಟ್ ತೊಟ್ಟಿ ಗುಂಡನದು. ಭಾನುವಾರ ಆ ಅಮ್ಮ ಸೌತೆಕಾಯಿ ಹೋಳು ಹಿಡಿದು ಬರುತ್ತಾರೆ. ಮೊದಲು ಅವನ ಯೋಗಕ್ಷೇಮ, ಆಮೇಲೆ ನಮ್ಮದು. ಬಟ್ಟೆ ನೆನೆಸಲು ಬೇರೆ ಜಾಗ ಹುಡುಕುತ್ತಿರುವ ನನ್ನ ಹೆಂಡತಿ ಮೊನ್ನೆ ಕೇಳಿದಳು: "ಹೊರಗಿನ ಮೀನು ಬಂದು ನೆಲೆಯೂರೋದು ಅಂತ ನಿಮ್ಮ ವರದೀಲಿ ಬರೀತೀರಲ್ಲ, ಅದು ಇದೇ ತಾನೇ?"