ಬಿಗಿ ಮಾಡದ ಬೋಲ್ಟುಗಳು

ನಾನು ಬೋಲ್ಟುಗಳನ್ನು ಬಿಗಿ ಮಾಡಲಿಲ್ಲ. ಮಾಡಿದೆಯಾ ಎಂದು ಅಣ್ಣ ಕೇಳಿದಾಗ ಹೂಂ ಎಂದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯಲು ಕೈ ಬರುತ್ತದೆ. ಕೊನೆಗೆ ಹೇಳೋಣವೆಂದು ಇಟ್ಟುಕೊಂಡರೆ ನಡುವೆ ಎಲ್ಲಾದರೂ ಜಾರಿಕೊಳ್ಳುತ್ತೇನೆ. ಜಾರಿಕೊಳ್ಳುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಾಗಿದೆ.

ಇದನ್ನೆಲ್ಲ ಎಬ್ಬಿಸಿದ್ದು ಒಂದು ನಿಂಬೆಹಣ್ಣು. ಈ ಪರದೇಶದ ಊರಿನ ಸ್ಯಾಂಡ್ರಿಂಗಮ್ ಬಡಾವಣೆಯ ಒಂದು ತಿಂಡಿ ಹೋಟೆಲಿನ ಅಡುಗೆಮನೆಯಲ್ಲಿ ನನ್ನ ಕೆಲಸ. ಮೊನ್ನೆ ಉಪ್ಪಿನಕಾಯಿಗೆಂದು ಚೀಲದ ತುಂಬ ಹಣ್ಣು ಬಂದಿತ್ತು. ಒಂದು ಮೇಜಿನಿಂದ ಉರುಳಿ ನನ್ನ ಬೂಟಿನಡಿ ಸಿಕ್ಕಿ ಪಚಕ್ಕೆಂದಿತು. ಚಾಕುವಿನಲ್ಲಿ ಹೆಚ್ಚಿದ ನಿಂಬೆಹಣ್ಣಿನ ವಾಸನೆ ಬೇರೆ, ರಬ್ಬರಿನಡಿ ಅಪ್ಪಚ್ಚಿಯಾದ ನಿಂಬೆಹಣ್ಣಿನ ವಾಸನೆ ಬೇರೆ. ನೀವು ಹೊಸ ಗಾಡಿಗೆ ಪೂಜೆ ಮಾಡಿಸಿದವರಾದರೆ ನಿಮಗೆ ಗೊತ್ತಿರುತ್ತದೆ. ಸಿಪ್ಪೆಯ ಎಣ್ಣೆ, ಹುಳಿ, ಟೈರು ಎಲ್ಲ ಸೇರಿ ಮೂಗಿಗೆ ಹತ್ತುತ್ತದೆ. ನಾನು ಬಟ್ಟೆಯಿಂದ ನೆಲ ಒರೆಸುತ್ತ ಕೂತವಳು ಏಳಲೇ ಇಲ್ಲ. ಕಾಲು ನೋವಾ ಎಂದು ಜೊತೆಯವರು ಕೇಳಿದರು. ಅದಕ್ಕೂ ಹೂಂ ಎಂದೆ.

ಅಣ್ಣ ಓದಿದವನು. ಓದಲೆಂದೇ ಈ ದೇಶಕ್ಕೆ ಬಂದು, ಇಂಜಿನಿಯರಾಗಿ, ಇದೇ ಊರಿನ ಒನೆಹುಂಗಾದಲ್ಲಿ ಮನೆ ಮಾಡಿದ. ನಾನು ಏಳನೇ ಕ್ಲಾಸು. ಅಡುಗೆ ಕೆಲಸಕ್ಕೆ ಬಂದ ಗಂಡನ ಹಿಂದೆ ಬಂದವಳು. ಇಬ್ಬರೂ ಹುಟ್ಟಿದ್ದು ಮಾತ್ರ ತುಮಕೂರಿನಾಚೆ ಹೆದ್ದಾರಿಯ ಪಕ್ಕದ ಒಂದೇ ಶೆಡ್ಡಿನ ಹಿಂದೆ. ಅಪ್ಪ ಲಾರಿಗಳಿಗೆ ಸ್ಪ್ರಿಂಗ್ ಪ್ಲೇಟು ಕಟ್ಟುತ್ತಿದ್ದರು. ಪ್ಲೇಟು ಮುರಿದ ಲಾರಿ ಒಂದು ಕಡೆ ವಾಲಿಕೊಂಡು, ಹಲ್ಲುನೋವು ಬಂದವರ ಹಾಗೆ ಮುಖ ಓರೆ ಮಾಡಿಕೊಂಡು ಶೆಡ್ಡಿಗೆ ಬರುತ್ತಿತ್ತು. ಅಣ್ಣ ಪುಸ್ತಕ ಹಿಡಿದು ಒಳಗೆ ಕೂರುತ್ತಿದ್ದ, ನಾನು ಸ್ಪ್ಯಾನರ್ ಹಿಡಿದು ಹೊರಗೆ ನಿಲ್ಲುತ್ತಿದ್ದೆ. ಅಪ್ಪನ ಒಂದು ನಿಯಮವಿತ್ತು: ಕೆಲಸ ಮುಗಿದು ಲಾರಿ ಹೋಗಿ, ಮೊದಲ ಲೋಡು ಹೊತ್ತು ವಾಪಸ್ ಬರಬೇಕು. ಭಾರ ಕೂತ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಬೇಕು. ಆಗಲೇ ಅವರು ಕೈ ಒರೆಸಿಕೊಳ್ಳುತ್ತಿದ್ದದ್ದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ನಾನು ಇದನ್ನೇ ಮುಂದೆ ಕೆಟ್ಟದಾಗಿ ಬಳಸಿಕೊಂಡೆ.

ಅಣ್ಣನಿಗೆ ನಲವತ್ತು ದಾಟಿದ ಮೇಲೆ ಕಾರಿನ ಹುಚ್ಚು ಹಿಡಿಯಿತು. ಪೊರಿರುವಾ ಎಂಬ ದೂರದ ಊರಿನ ಒಬ್ಬ ಮುದುಕರ ಶೆಡ್ಡಿನಲ್ಲಿದ್ದ ಆಸ್ಟ್ರೇಲಿಯಾದ ಹಳೆಯ ಕಾರೊಂದನ್ನು ಕೊಂಡು ತಂದ. ಎಂಟು ಸಿಲಿಂಡರು, ಎರಡೇ ಬಾಗಿಲು, ಗಾಳಿಯಲ್ಲಿ ಹಾರುವ ಹಾಗೆ ಉದ್ದನೆಯ ಮೂತಿ, ಕನಕಾಂಬರದ ಬಣ್ಣ. ಚಾಲೂ ಮಾಡಿದರೆ ಅಕ್ಕಪಕ್ಕದ ನಾಯಿಗಳೆಲ್ಲ ಒಟ್ಟಿಗೆ ಮಾತಾಡುತ್ತಿದ್ದವು. ನೇರ ರಸ್ತೆಯಲ್ಲಿ ರಾಜ, ತಿರುವಿನಲ್ಲಿ ಮಾತ್ರ ಹುಲ್ಲು ಹೇರಿದ ಗಾಡಿ. ಅಷ್ಟು ವಾಲುತ್ತಿತ್ತು. ಅದಕ್ಕೆ ಅಮೆರಿಕಾದಿಂದ ಹೊಸ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಅವನ್ನು ಹಿಡಿದುಕೊಳ್ಳುವ ಹೊಸ ತೋಳುಗಳು, ಎಲ್ಲ ಒಂದು ಸೆಟ್ಟಾಗಿ ತರಿಸಿದ. ಗ್ಯಾರೇಜಿಗೆ ಕೊಡುವುದಿಲ್ಲ, ಮನೆಯಲ್ಲೇ ಹಾಕುತ್ತೇನೆ ಎಂದ.

"ಕೆಳಗೆ ಮಲಗೋದು ನೀವು, ಆಮೇಲೆ ಬೆನ್ನಿಗೆ ಮುಲಾಮು ತಿಕ್ಕೋದು ನಾನು," ಎಂದರು ಅತ್ತಿಗೆ.

"ತಂಗಿ ಬರ್ತಾಳೆ ಕಣೆ ಹೆಲ್ಪಿಗೆ. ಅಪ್ಪನ ಕೈಕೆಳಗೆ ಪಳಗಿದ ಕೈ ಅದು," ಎಂದ ಅಣ್ಣ. ನನಗೆ ಎಷ್ಟು ಹಿಗ್ಗಾಯಿತು ಎಂದರೆ, ಮನೆಗೆ ಬಂದು ಗಂಡನಿಗೆ ಎರಡು ಸಲ ಹೇಳಿದೆ.

ವಾರದ ಕೊನೆಯ ರಜೆಗಳೆಲ್ಲ ಕಾರಿನಡಿ ಕಳೆದವು. ಹಳೆಯ ಸ್ಪ್ರಿಂಗನ್ನು ಅಮುಕಿ ಹಿಡಿದು ತೆಗೆಯುವಾಗ ಅದು ಹಾರೀತೆಂದು ಅಣ್ಣ ಹಗ್ಗ ಸುತ್ತಿ ಕಟ್ಟಿದ. ಅದರ ಮೇಲೆ ನಾನು ಮನಸ್ಸಿನಲ್ಲೇ ಆಂಜನೇಯನನ್ನೂ ಕಟ್ಟಿದೆ. ತುಕ್ಕು ಹಿಡಿದ ಬೋಲ್ಟು ಬಿಡಿಸುವಾಗ ಅಣ್ಣನ ಬಾಯಲ್ಲಿ ಅಪ್ಪನ ಬೈಗುಳಗಳು ಅಕ್ಷರ ತಪ್ಪದೆ ಬಂದವು. ಇಬ್ಬರೂ ನಕ್ಕೆವು. ಅವನಿಗೆ ಇವೆಲ್ಲ ಕೇಳಿಸುತ್ತಿತ್ತು ಎಂದು ನನಗೆ ಅವತ್ತೇ ತಿಳಿದದ್ದು. ಪುಸ್ತಕದ ಹಿಂದೆ ಕೂತವನಿಗೆ ಹೊರಗೆ ಬರುವ ಆಸೆ ಇದ್ದಿರಬಹುದೆಂದು ನನಗೆ ಎಂದೂ ಅನಿಸಿರಲಿಲ್ಲ.

ಹೊಸ ತೋಳುಗಳ ಬುಡದಲ್ಲಿ ಬೋಲ್ಟಿನ ಸುತ್ತ ಬಳೆಯಂತೆ ಕೂರುವ ರಬ್ಬರಿನ ಬುಶ್ಶಿರುತ್ತದೆ. ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಬೋಲ್ಟನ್ನು ಬಿಗಿ ಮಾಡಿದರೆ, ಕಾರು ಇಳಿದಾಗ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಅದಕ್ಕೆ ಮೊದಲು ಬೆರಳಿನಿಂದಷ್ಟೇ ತಿರುಗಿಸಿ ಬಿಡಬೇಕು. ಕಾರನ್ನು ಇಳಿಸಿ, ಒಂದಿಷ್ಟು ಹಿಂದೆ ಮುಂದೆ ಉರುಳಿಸಿ, ಭಾರ ಸರಿಯಾಗಿ ಕೂತ ಮೇಲೆ ಪೂರ್ತಿ ಬಿಗಿ. ಅಪ್ಪನ ನಿಯಮದ ದಾಯಾದಿಯೇ ಅನ್ನಿ.

ಆ ಭಾನುವಾರ ಕಾರನ್ನು ಇಳಿಸಿದೆವು. ಎಷ್ಟು ಬಿಗಿ ಮಾಡಬೇಕೆಂಬ ಅಂಕಿ ಅಮೆರಿಕಾದ ಅಳತೆಯಲ್ಲಿತ್ತು. ಅಣ್ಣ ಅದನ್ನು ಇಲ್ಲಿನ ಅಳತೆಗೆ ಲೆಕ್ಕ ಹಾಕಿ, ಟಾರ್ಕ್ ವ್ರೆಂಚಿನ ಹಿಡಿಯಲ್ಲಿ ಆ ಅಂಕಿ ಕೂರಿಸಿ ನನ್ನ ಕೈಗೆ ಕೊಟ್ಟ. ಸಾಕಷ್ಟು ಬಿಗಿಯಾದಾಗ ತಾನೇ ಕ್ಲಿಕ್ ಎನ್ನುವ ಉದ್ದನೆಯ ಸ್ಪ್ಯಾನರ್ ಅದು.

"ಸ್ವಲ್ಪ ಉರುಳಿಸಿ, ಆಮೇಲೆ ಒಂದೊಂದೇ ಬಿಗಿ ಮಾಡು. ಕ್ಲಿಕ್ ಅಂದ್ರೆ ನಿಲ್ಸು. ನಾನು ಸ್ನಾನ ಮಾಡ್ಕೊಂಡು ಬರ್ತೀನಿ, ಇಲ್ದಿದ್ರೆ ನಿಮ್ಮತ್ತಿಗೆ ನನ್ನ ಪೂಜೆಗೆ ಸೇರ್ಸಲ್ಲ."

ಅತ್ತಿಗೆ ಬಾಗಿಲಿನಿಂದಲೇ ಕೂಗಿದರು. "ನಾಲ್ಕೂವರೆಗೆ ರಾಹುಕಾಲ. ಬೇಗ ಬೇಗ!"

"ಅದು ಬೆಂಗ್ಳೂರಿನ ನಾಲ್ಕೂವರೆನೋ ಇಲ್ಲಿಂದೋ?" ಒಳಗಿನಿಂದ ಅಣ್ಣ.

"ರಾಹುಗೇನು ವೀಸಾ ಬೇಕೇನ್ರೀ? ಎಲ್ಲಾ ಕಡೆನೂ ನಾಲ್ಕೂವರೆಗೇ ಬರ್ತಾನೆ." ಆಮೇಲೆ ನನಗೆ, "ಬಾರೆ, ಕೈ ತೊಳ್ಕೊಂಡು ಆರತಿ ತಟ್ಟೆ ಜೋಡ್ಸು. ಹೇಗೂ ಗಾಡಿ ಉರುಳಿಸ್ಬೇಕು ಅಂತೀರಲ್ಲ, ನಿಂಬೆಹಣ್ಣಿನ ಮೇಲೇ ಉರುಳ್ಲಿ."

ಮಾತು ಸರಿಯಾಗಿಯೇ ಇತ್ತು. ಉರುಳಿದ ಮೇಲೆ ತಾನೇ ಬಿಗಿ ಮಾಡುವುದು? ವ್ರೆಂಚನ್ನು ಕೆಳಗಿಟ್ಟೆ. ಪಾತ್ರೆ ಸೋಪಿನಲ್ಲಿ ಮೊಣಕೈವರೆಗೆ ಗ್ರೀಸು ತೊಳೆದೆ, ಅತ್ತಿಗೆಯ ಒಂದು ರೇಷ್ಮೆ ಸೀರೆ ಉಟ್ಟೆ. ಬಾನೆಟ್ಟಿಗೆ ಕುಂಕುಮ ಇಟ್ಟೆ. ಅಣ್ಣನ ಮಗಳು ನಿಧಿ, ಆಗಿನ್ನೂ ಪ್ರೈಮರಿ ಮುಗಿಸುತ್ತಿದ್ದವಳು, ಚಕ್ರಗಳ ಮುಂದೆ ನಿಂಬೆಹಣ್ಣು ಇಡುತ್ತ, "ಅತ್ತೆ, ವೈ ಆರ್ ವಿ ಕಿಲ್ಲಿಂಗ್ ಲೆಮನ್ಸ್?" ಎಂದಳು. ಕಾರು ಒಂದು ಗಜ ಮುಂದೆ ಬಂತು. ಪಚಕ್, ಪಚಕ್. ತೆಂಗಿನಕಾಯಿ ಒಡೆಯಿತು. ಕರ್ಪೂರ ಉರಿಯಿತು. ನೋಡಿ, ನಮ್ಮಲ್ಲಿ ಆರತಿ ಆಯಿತೆಂದರೆ ಕೆಲಸ ಮುಗಿಯಿತೆಂದೇ ಅರ್ಥ. ನಿಧಿ ಮುಂದಿನ ಸೀಟಿಗೆ ಹಾರಿ ಕೂತಳು. ಅಣ್ಣ ಬಿಳಿ ಅಂಗಿಯಲ್ಲಿ ಸ್ಟಿಯರಿಂಗ್ ಹಿಡಿದು, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದ:

"ಎಲ್ಲಾ ಟೈಟ್ ಮಾಡ್ದ್ಯಾ?"

"ಹೂಂ," ಎಂದೆ.

ಯಾಕೆ ಹಾಗಂದೆ ಎಂದು ನೀವು ಕೇಳುತ್ತೀರಿ. ನಾನೂ ಬಹಳ ಸಲ ಕೇಳಿಕೊಂಡಿದ್ದೇನೆ. ಕೈ ಶುದ್ಧವಾಗಿತ್ತು, ಮೈಮೇಲೆ ಬೇರೆಯವರ ರೇಷ್ಮೆಯಿತ್ತು, ತಟ್ಟೆಯಲ್ಲಿ ದೀಪವಿತ್ತು. ಇಷ್ಟು ಸಂಭ್ರಮವನ್ನು ನಿಲ್ಲಿಸಿ ಕಾರಿನಡಿ ನುಗ್ಗಲು ನಾಚಿಕೆಯಾಯಿತು. ಅಪ್ಪನ ಲಾರಿಗಳೂ ಒಂದು ಸುತ್ತು ಹೋಗಿ ಬಂದ ಮೇಲೆ ತಾನೇ ಬಿಗಿಯಾಗುತ್ತಿದ್ದದ್ದು ಎಂದು ಸಮಾಧಾನ ಹೇಳಿಕೊಂಡೆ. ಅಪ್ಪ ಮೊದಲೇ ಒಂದು ಸಲ ಬಿಗಿ ಮಾಡಿಯೇ ಕಳಿಸುತ್ತಿದ್ದರು, ಅದು ಎರಡನೆಯ ಬಿಗಿ. ನನಗೆ ಅದು ಗೊತ್ತಿತ್ತು. ಮೂಲೆಯ ಡೇರಿಗೆ, ಇಲ್ಲಿ ಚಿಲ್ಲರೆ ಅಂಗಡಿಗೆ ಹಾಗೆನ್ನುತ್ತಾರೆ, ಹೋಗಿ ಐಸ್‌ಕ್ರೀಮ್ ತರುತ್ತಾರೆ, ಬಂದ ತಕ್ಷಣ ಮಾಡಿದರಾಯಿತು ಎಂದುಕೊಂಡೆ.

ಅವರು ಡೇರಿಯಲ್ಲಿ ನಿಲ್ಲಲಿಲ್ಲ. ಕಾರು ವಾಲುತ್ತಿಲ್ಲವೆಂಬ ಖುಷಿಗೆ ಅಣ್ಣ ನೀರಿನ ಕಡೆಯ ರಸ್ತೆಗೆ ತಿರುಗಿಸಿದ. ಇಳಿಜಾರಿನ ತಿರುವಿನಲ್ಲಿ ಎಡಗಡೆ ಚಕ್ರದ ತೋಳು ಕಳಚಿ, ಚಕ್ರ ಮಡಚಿಕೊಂಡು, ಕಾರು ಒಂದು ಮನೆಯ ಕಪ್ಪುಕಲ್ಲಿನ ಗೋಡೆಗೆ ಬಡಿಯಿತು. ನಿಧಿಯ ಎಡಗೈ ಮುರಿಯಿತು. ಫೋನು ಬಂದಾಗ ನಾನು ಅಂಗಳದಲ್ಲಿ ನಿಂಬೆಹಣ್ಣಿನ ಸಿಪ್ಪೆ ಗುಡಿಸುತ್ತಿದ್ದೆ.

ಮರುದಿನ, ಎತ್ತಿಕೊಂಡು ಬಂದ ಕಾರಿನಡಿ ಅಣ್ಣ ಟಾರ್ಚ್ ಹಿಡಿದು ಮಲಗಿದ್ದ. ಬೋಲ್ಟಿದ್ದ ಜಾಗದಲ್ಲಿ ತೂತಷ್ಟೇ ಉಳಿದಿತ್ತು. ಹೊರಗೆ ಬಂದು ನನ್ನನ್ನು ಮೆಲ್ಲಗೆ ಕೇಳಿದ. "ಕ್ಲಿಕ್ ಅಂತಲ್ವಾ?"

ನಾನು ಹೌದೆಂದು ತಲೆ ಆಡಿಸಿದೆ. ಮೊದಲ ಹೂಂ ಅನ್ನು ಗಡಿಬಿಡಿ ಎಂದಾದರೂ ಅನ್ನಬಹುದು. ಈ ತಲೆಯಾಡಿಸಿದ್ದಕ್ಕೆ ಬೇರೆ ಹೆಸರಿಲ್ಲ, ಇದು ಸುಳ್ಳು.

"ಹಂಗಾದ್ರೆ ನಿನ್ ತಪ್ಪಲ್ಲ ಬಿಡು," ಎಂದ. "ನಾನೇ ಅಂಕಿ ತಪ್ಪು ಇಟ್ಟಿದೀನಿ. ಲೆಕ್ಕದಲ್ಲೇ ಎಲ್ಲೋ ಎಡವಿದೀನಿ."

ತನ್ನ ಲೆಕ್ಕವನ್ನು ಅವನು ಎಷ್ಟು ಸಲ ತಿರುಗಿ ಹಾಕಿದನೋ. ಪ್ರತಿ ಸಲವೂ ಉತ್ತರ ಸರಿಯಾಗಿಯೇ ಬರುತ್ತಿತ್ತು. ಅದರಿಂದ ಅವನಿಗೆ ಇನ್ನೂ ಭಯವಾಯಿತು. ತಪ್ಪೆಲ್ಲಿದೆ ಎಂದೇ ಕಾಣದ ತಲೆ ತನ್ನದು ಎಂದುಕೊಂಡ. ಏಳನೇ ಕ್ಲಾಸಿನ ತಂಗಿಯ ತಲೆಯಾಡಿಸುವಿಕೆಯನ್ನು ನಂಬಿದ, ತನ್ನ ಓದನ್ನು ನಂಬಲಿಲ್ಲ. ಕಾರನ್ನು ಬಿಡಿಭಾಗಕ್ಕೆಂದು ಯಾರಿಗೋ ಕೊಟ್ಟ. ಆಫೀಸಿನಲ್ಲಿ ಲೆಕ್ಕ ಹಾಕುವ ಕೆಲಸ ಬೇಡವೆಂದು ಬೇರೆ ವಿಭಾಗಕ್ಕೆ ಹೋದ. ಗೋಡೆಗೆ ಒಂದು ಹಲಗೆ ಹೊಡೆಯುವಾಗಲೂ, "ನೀನೊಂದ್ಸಲ ಅಳ್ದು ನೋಡೆ," ಎಂದು ಅತ್ತಿಗೆಯನ್ನು ಕರೆಯುತ್ತಿದ್ದ. ಅತ್ತಿಗೆ ಬಹಳ ದಿನ ನಿಧಿಯನ್ನು ಅವನ ಜೊತೆ ಕಾರಿನಲ್ಲಿ ಕಳಿಸಲಿಲ್ಲ. ಅವನು ವಾದ ಮಾಡಲಿಲ್ಲ.

ನಾನು ಅವರ ಮನೆಗೆ ಹೋಗುವಾಗಲೆಲ್ಲ ಏನಾದರೂ ಮಾಡಿಕೊಂಡು ಹೋಗುತ್ತಿದ್ದೆ. ಕೋಡುಬಳೆ, ಚಟ್ನಿಪುಡಿ, ಅವನಿಗಿಷ್ಟದ ಹುರುಳಿಕಾಳಿನ ಸಾರು. ಡಬ್ಬಿಗಳು ಹೋದವು, ಮಾತು ಹೋಗಲಿಲ್ಲ. ಈ ದೇಶದಲ್ಲಿ ಸಾರಿ ಎನ್ನುವುದು ಬಹಳ ಸಲೀಸು. ಬಸ್ಸಿನಲ್ಲಿ ನಾವೇ ಅವರ ಕಾಲು ತುಳಿದರೂ ಅವರೇ ಸಾರಿ ಎನ್ನುತ್ತಾರೆ. ನಾನೂ ಕಲಿತೆ. ದಿನಕ್ಕೆ ಎಷ್ಟೋ ಸಲ ಹೇಳುತ್ತೇನೆ, ತಟ್ಟೆ ತಡವಾದರೆ, ಚಮಚ ಬಿದ್ದರೆ. ಆದರೆ ನಮ್ಮ ಮನೆಗಳಲ್ಲಿ ಒಡಹುಟ್ಟಿದವರು ಒಬ್ಬರಿಗೊಬ್ಬರು ಇದನ್ನು ಹೇಳಿದ್ದು ನಾನು ಕೇಳಿಲ್ಲ. ಅದನ್ನೇ ನೆವ ಮಾಡಿಕೊಂಡೆ.

ಈಗ ನಿಧಿ ದೊಡ್ಡವಳಾಗಿದ್ದಾಳೆ. ತಾನೇ ದುಡಿದು ಒಂದು ಹಳೆಯ ಪುಟ್ಟ ಕಾರು ಕೊಂಡಿದ್ದಾಳೆ. ಹಿಂದಿನ ಶಾಕ್ ಅಬ್ಸಾರ್ಬರು ಸೋರುತ್ತಿದೆ ಎಂದು ತಪಾಸಣೆಯಲ್ಲಿ ಅದಕ್ಕೆ ವಾರಂಟ್, ಅಂದರೆ ರಸ್ತೆಗಿಳಿಸಬಹುದೆಂಬ ಚೀಟಿ, ಕೊಡಲಿಲ್ಲ. ಹೊಸದನ್ನು ಅಪ್ಪನ ಜೊತೆ ಮನೆಯಲ್ಲೇ ಹಾಕಬೇಕೆಂದು ಅವಳ ಆಸೆ. ನಿಂಬೆಹಣ್ಣು ಬಿದ್ದ ಹಿಂದಿನ ದಿನ ಫೋನು ಮಾಡಿದ್ದಳು. "ಅತ್ತೆ, ಅಪ್ಪ ಟೂಲ್ಸ್ ಮುಟ್ಟಲ್ಲ ಅಂತಾರೆ. ಯು ನೋ ವೈ? ಹಿ ಥಿಂಕ್ಸ್ ಹಿ ಬ್ರೋಕ್ ಮೈ ಆರ್ಮ್." ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಇದು ಅರ್ಥವಾಯಿತು.

ನಿನ್ನೆ ಭಾನುವಾರ ಒನೆಹುಂಗಾಕ್ಕೆ ಹೋದೆ. ಈ ಸಲ ಡಬ್ಬಿ ಒಯ್ಯಲಿಲ್ಲ. ನಿಧಿಯ ಕಾರು ಅಂಗಳದಲ್ಲಿ ಜಾಕಿಯ ಮೇಲೆ ನಿಂತಿತ್ತು, ಅವಳು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಫೋನಿನಲ್ಲಿ ವಿಡಿಯೋ ನೋಡುತ್ತಿದ್ದಳು. ಅಣ್ಣ ಗ್ಯಾರೇಜಿನ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ, ಹತ್ತಿರವೂ ಬಾರದೆ, ಒಳಗೂ ಹೋಗದೆ. ಅವನನ್ನು ದಾಟಿ ಹೋಗಿ ಮೇಲಿನ ಹಲಗೆಯಿಂದ ವ್ರೆಂಚಿನ ಪೆಟ್ಟಿಗೆ ಇಳಿಸಿದೆ. ಧೂಳು ಒರೆಸಿ ಅವನ ಮುಂದೆ ಹಿಡಿದೆ.

"ಅಂಕಿ ಇಟ್ಟುಕೊಡು ಅಣ್ಣ."

"ನಾನಿಡಲ್ಲ ಕಣೆ. ನಿಧಿ ನೋಡಿ ಇಡ್ತಾಳೆ," ಎಂದು ನಕ್ಕ. "ನನ್ ಲೆಕ್ಕದ ಕಥೆ ನಿಂಗೊತ್ತಲ್ಲ."

"ನಿನ್ ಲೆಕ್ಕ ಸರಿಯಾಗೇ ಇತ್ತು."

"ಏನು ಸರಿ? ಕ್ಲಿಕ್ ಅಂದ ಬೋಲ್ಟು ಬಿತ್ತಲ್ಲ."

"ಕ್ಲಿಕ್ ಅನ್ಲೇ ಇಲ್ಲ."

ಅವನ ನಗು ಹಾಗೆಯೇ ಮುಖದ ಮೇಲೆ ಉಳಿದು, ಅರ್ಥ ಕಳೆದುಕೊಂಡಿತು. ನಿಧಿ ವಿಡಿಯೋ ನಿಲ್ಲಿಸಿದಳು. ಅವಳ ಬಲಗೈ ತನಗೇ ತಿಳಿಯದೆ ಎಡಗೈಯ ಹಳೆಯ ಮುರಿತದ ಮೇಲೆ ಹೋಯಿತು. ನಾನು ಪೆಟ್ಟಿಗೆಯನ್ನು ನೆಲಕ್ಕಿಟ್ಟು ಹೇಳಿದೆ.

"ಆ ವ್ರೆಂಚನ್ನ ನಾನು ಬೋಲ್ಟಿಗೆ ಹಾಕ್ಲೇ ಇಲ್ಲ ಅಣ್ಣ. ಕೈ ತೊಳ್ಕೊಂಡು ತಟ್ಟೆ ಹಿಡ್ಕೊಂಡೆ. ನೀನು ಕೇಳ್ದಾಗ ಹೂಂ ಅಂದೆ. ಮಾರನೆ ದಿನ ಕೇಳ್ದಾಗಲೂ ಸುಳ್ಳು ಹೇಳ್ದೆ. ನಿಧಿ, ನಿನ್ ಕೈ ಮುರ್ದಿದ್ದು ಅಪ್ಪ ಅಲ್ಲ ಕಂದ, ನಾನು. ಇಷ್ಟು ವರ್ಷ ಅವನ ತಲೆ ಮೇಲೆ ಹೊರ್ಸಿ ಸುಮ್ನಿದ್ದೆ. ತಪ್ಪಾಯ್ತು. ಅಣ್ಣ, ನಂದು ತಪ್ಪಾಯ್ತು."